ಹಳದಿ ಮುಖದ ಅಡ್ಡಿಲ್ಲ

ಶಬಾನಳಿಗೆ ಕೈ ಎತ್ತುವ ಚಾಳಿ ಶಾಲೆಯಿಂದಲೂ ಇತ್ತು. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಇವಳ ಕೈ ಮೇಲೆ. ಉತ್ತರ ಗೊತ್ತಿರಲಿ, ಗೊತ್ತಿಲ್ಲದಿರಲಿ, ಮೊದಲು ಕೈ, ಆಮೇಲೆ ಯೋಚನೆ. ಆ ಚಾಳಿಯೇ ಅವಳನ್ನು ಹೊನ್ನೆಕುಡಿಗೆಯ ಸೇವಾ ಕಿಂಡಿಯವರೆಗೆ ಕರೆತಂದಿತ್ತು. ಅದೇ ಚಾಳಿಯಿಂದ ಆ ಕಿಂಡಿಯ ಬಾಗಿಲು ಮುಚ್ಚುವುದರಲ್ಲಿತ್ತು.

ಹೊನ್ನೆಕುಡಿಗೆ ಎಂದರೆ ಕೊಪ್ಪದಿಂದ ಮೇಗುಂದದ ಕಡೆ ಹೋಗುವ ಬಸ್ಸನ್ನು ಕಂಡಕ್ಟರು ಹೆಸರು ಕೂಗದೆಯೇ ನಿಲ್ಲಿಸುವ ಊರು. ಒಂದು ಹಾಲಿನ ಡೈರಿ, ಒಂದು ದಿನಸಿ ಅಂಗಡಿ, ಅವೆರಡರ ನಡುವೆ ಸರ್ಕಾರದ ಒಂದು ಕೋಣೆ. ಕೋಣೆಯ ಗೋಡೆಗೆ ಕಿಂಡಿ, ಕಿಂಡಿಯ ಹಿಂದೆ ಕಂಪ್ಯೂಟರು, ಕಂಪ್ಯೂಟರಿನ ಹಿಂದೆ ಶಬಾನ. ಪಹಣಿ, ಜಾತಿ ಪ್ರಮಾಣಪತ್ರ, ನಿಂತುಹೋದ ಪಿಂಚಣಿ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು, ಹೀಗೆ ಕೊಪ್ಪಕ್ಕೆ ಹೋಗಿ ದಿನ ಕಳೆದು ಬರಬೇಕಾದ ಕೆಲಸಗಳೆಲ್ಲ ಅಲ್ಲೇ ಆಗುತ್ತಿದ್ದವು. ಆಗದ ದಿನ ಸರ್ವರಿನ ಮೇಲೆ ಶಾಪ ಬೀಳುತ್ತಿತ್ತು, ಶಬಾನಳ ಮೇಲಲ್ಲ.

ಅವಳು ಕೆಲಸ ಮಾಡುವ ರೀತಿಯೇ ಹಾಗಿತ್ತು. ಅಡಿಕೆ ಸುಲಿಯುವವರ ಹೆಬ್ಬೆರಳು ಚೊಗರು ಹತ್ತಿ ಕಪ್ಪಾಗಿ, ಗೆರೆಗಳೆಲ್ಲ ಸವೆದು, ಯಂತ್ರ ಎಷ್ಟು ಸಲ ಒತ್ತಿದರೂ 'ಗುರುತು ಸಿಗುತ್ತಿಲ್ಲ' ಎನ್ನುತ್ತಿತ್ತು. ಶಬಾನ ಕಿಂಡಿಯ ಪಕ್ಕದಲ್ಲಿ ಒಂದು ಬಕೆಟ್ ಬಿಸಿನೀರು, ಸೋಪು, ಟವೆಲ್ಲು ಇಟ್ಟಿದ್ದಳು. "ಮೊದಲು ಕೈ ತೊಳೀರಿ, ಆಮೇಲೆ ಸರ್ಕಾರಕ್ಕೆ ಕೊಡಿ" ಎನ್ನುವುದು ಅವಳ ಮಾತು. ತೊಳೆದು, ಒರೆಸಿ, ಊದಿ, ಒತ್ತಿ, ಅಂತೂ ಯಂತ್ರ ಒಪ್ಪಿಕೊಂಡಾಗ ಅವಳೇ ಮೊದಲು ಚಪ್ಪಾಳೆ ತಟ್ಟುತ್ತಿದ್ದಳು. ಸರ್ಕಾರಿ ಕಚೇರಿಯಲ್ಲಿ ಚಪ್ಪಾಳೆ ಕೇಳಿ ಡೈರಿಗೆ ಬಂದವರೂ ಇಣುಕಿ ನೋಡುತ್ತಿದ್ದರು.

ಇಷ್ಟು ಹುರುಪಿನ ಹೆಂಗಸಿಗೆ ಒಂದೇ ಒಂದು ಕೊರಗಿತ್ತು. ಅದು ಅವಳ ಅಪ್ಪ ಜಮಾಲ್ ಸಾಬರದು.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಸಾಬರ ಬಟ್ಟೆ ಅಂಗಡಿ. ಬಟ್ಟೆಯ ಹಾಗೆ ಮಾತನ್ನೂ ಅವರು ಅಳೆದೇ ಕೊಡುವವರು. ಮನೆಯಲ್ಲಿ ಆಡುವುದು ಉರ್ದುವೇ ಆದರೂ ಮಗಳು ಏನಾದರೂ ಗೆದ್ದು ಬಂದು ಎದುರು ನಿಂತಾಗ ಅವರ ಬಾಯಿಂದ ಹೊರಡುತ್ತಿದ್ದುದು ಅಂಗಡಿಯಿಂದ ತಂದ ಒಂದು ಕನ್ನಡ ಮಾತು: "ಅಡ್ಡಿಲ್ಲ." ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ, ಅಡ್ಡಿಲ್ಲ. ಭಾಷಣದಲ್ಲಿ ಕಪ್ ಗೆದ್ದು ತಂದಾಗ, ಅದನ್ನು ತಲೆಕೆಳಗು ಮಾಡಿ ತಳ ನೋಡಿ, ಅಡ್ಡಿಲ್ಲ. ಮದುವೆಯಾಗಿ, ಮಗಳು ರುಹಿ ಹುಟ್ಟಿ, ಅಷ್ಟರ ಮೇಲೆ ಪರೀಕ್ಷೆ ಕಟ್ಟಿ ಈ ಕೆಲಸ ಸಿಕ್ಕಿದ ದಿನ ಅಂಗಡಿಗೆ ಓಡಿಹೋಗಿ ಏದುಸಿರು ಬಿಡುತ್ತಾ ಹೇಳಿದರೆ, ಕೈಯ ಕತ್ತರಿ ನಿಲ್ಲಿಸದೆಯೇ, ಅಡ್ಡಿಲ್ಲ. ಆವತ್ತು ಅವಳಿಗೆ ಅಳುವೇ ಬಂದಿತ್ತು. ಅಬ್ಬಾನ ಬಾಯಲ್ಲಿ ಸವೆದು ಸವೆದು ಆ ಮಾತು ಅವಳ ಪಾಲಿಗೆ ನೂರಕ್ಕೆ ಐವತ್ತು ಅಂಕದ ಮಾತಾಗಿ ಹೋಗಿತ್ತು. ಊರವರೆಲ್ಲ ಅದನ್ನು ಹೇಗೆ ಆಡುತ್ತಾರೆ ಎಂದು ಕಿವಿಗೊಟ್ಟು ಕೇಳುವಷ್ಟು ವ್ಯವಧಾನ ಅವಳಿಗೆ ಉಳಿದಿರಲಿಲ್ಲ.

ಹೀಗಿರುವಾಗ ಕೊಪ್ಪದಲ್ಲಿ ಒಂದು ತರಬೇತಿ ಶಿಬಿರ ನಡೆಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಕಿಂಡಿಗಳವರು ಬಂದಿದ್ದರು. ಬೆಂಗಳೂರಿನಿಂದ ಬಂದ ತರಬೇತುದಾರರು ಬಿಳಿ ಪರದೆಯ ಮೇಲೆ 'ಸಾರ್ವಜನಿಕ ಮೌಲ್ಯ' ಎಂದು ತೋರಿಸಿ ಹೇಳಿದರು: "ನೀವು ಎಷ್ಟು ಸರ್ಟಿಫಿಕೇಟ್ ಕೊಟ್ಟಿರಿ ಅನ್ನೋದನ್ನ ಇಷ್ಟು ವರ್ಷ ಲೆಕ್ಕ ಹಾಕ್ತಾ ಬಂದ್ವಿ. ಅದರಿಂದ ಜನರ ಬದುಕಿಗೆ ಏನು ಸಿಕ್ಕಿತು ಅಂತ ಯಾರೂ ಕೇಳಲಿಲ್ಲ. ಇನ್ನು ಮೇಲೆ ಅದನ್ನೇ ಕೇಳೋಣ. ಉತ್ತರ ನಾವು ಹೇಳೋದಲ್ಲ, ಜನ ಹೇಳಬೇಕು."

ಶಬಾನ ಕುರ್ಚಿಯ ತುದಿಗೆ ಬಂದು ಕೂತಳು. ಬಕೆಟ್ಟಿನ ಬಿಸಿನೀರಿಗೆ ಯಾವ ಕಾಲಂನಲ್ಲೂ ಜಾಗ ಇರಲಿಲ್ಲವಲ್ಲ, ಈಗ ಸಿಕ್ಕಿತು ಎನ್ನಿಸಿ ಅವಳ ಎದೆ ಉಬ್ಬಿತು.

ಆಮೇಲೆ ಅವರು ಒಂದು ಪುಟ್ಟ ಯಂತ್ರ ತೋರಿಸಿದರು. ಅದರ ಮೇಲೆ ಮೂರು ಮುಖದ ಗುಂಡಿಗಳು. ಹಸಿರು ಮುಖ ಹಲ್ಲೆಲ್ಲ ತೋರಿಸಿ ನಗುತ್ತಿತ್ತು, ಹಳದಿ ಮುಖದ ಬಾಯಿ ಗೆರೆ ಎಳೆದಂತೆ ನೆಟ್ಟಗಿತ್ತು, ಕೆಂಪು ಮುಖ ಮುನಿಸಿಕೊಂಡಿತ್ತು. ಕೆಲಸ ಮುಗಿಸಿ ಹೋಗುವವರು ಒಂದನ್ನು ಒತ್ತಬೇಕು. ಒತ್ತಿದೊಡನೆ ಯಂತ್ರದೊಳಗಿಂದ ಹೆಣ್ಣು ದನಿಯೊಂದು "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂದು ರಾಗವಾಗಿ ಹೇಳುತ್ತಿತ್ತು. ಹಸಿರು ಕಡಿಮೆ ಬಿದ್ದ ಕಿಂಡಿಗಳನ್ನು ಮುಚ್ಚಿ ಕೊಪ್ಪದ ದೊಡ್ಡ ಕಚೇರಿಗೆ ಸೇರಿಸುತ್ತಾರೆ ಎನ್ನುವುದನ್ನೂ ಅವರು ಹೇಳಿದರು, ಆದರೆ ಮೆತ್ತಗೆ ಹೇಳಿದರು.

"ಗುಂಡಿಯ ಕೆಳಗೆ 'ಅತ್ಯುತ್ತಮ, ಸಾಧಾರಣ, ಅತೃಪ್ತಿಕರ' ಅಂತಿದೆ. ಇದು ಪುಸ್ತಕದ ಭಾಷೆ. ನಿಮ್ಮ ಜನರ ಬಾಯಲ್ಲಿರೋ ಮಾತು ಹೇಳಿ, ಸ್ಟಿಕ್ಕರ್ ಮಾಡಿಸೋಣ" ಎಂದರು ತರಬೇತುದಾರರು. ಕೆಂಪಿಗೆ 'ಬೇಜಾರು', ಹಸಿರಿಗೆ 'ತುಂಬಾ ಸಂತೋಷ' ಎಂದು ಯಾರೋ ಹೇಳಿದರು. "ಸಾಧಾರಣಕ್ಕೆ?" ಎಂದು ಕೇಳುವುದರೊಳಗೆ ಒಂದು ಕೈ ಮೇಲೆದ್ದಾಗಿತ್ತು. ಯಾರದೆಂದು ಹೇಳಬೇಕಾಗಿಲ್ಲ.

"ಅಡ್ಡಿಲ್ಲ ಅಂತ ಹಾಕಿ ಸರ್!"

ಹಿಂದಿನ ಸಾಲಿನಲ್ಲಿ ಯಾರೋ ಏನೋ ಗೊಣಗಿದರು. ಅಷ್ಟರಲ್ಲಿ ಬೋಂಡದ ತಟ್ಟೆ ಒಳಗೆ ಬಂತು, ಗೊಣಗಾಟ ಬೋಂಡದಲ್ಲಿ ಮುಗಿಯಿತು. ತರಬೇತುದಾರರಂತೂ ಶಬಾನಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. "ಮೊದಲು ನಿಮ್ಮ ಕಿಂಡಿಯಲ್ಲೇ ಇದನ್ನ ಹಾಕಿ ನೋಡೋಣ" ಎಂದರು.

ಯಂತ್ರ ಹೊನ್ನೆಕುಡಿಗೆಗೆ ಬಂತು. ಮೊದಲು ಒತ್ತಿದವನು ಪಕ್ಕದ ನಾರ್ವೆ ಎಂಬ ಊರಿನಿಂದ ಬಂದಿದ್ದ ಪುಟ್ಟಯ್ಯ. ತೋಟದ ಕೆಲಸದ ಮನುಷ್ಯ. ಅವನ ಹೆಬ್ಬೆಟ್ಟಿನ ಗುರುತು ಬೇರೆ ಎಲ್ಲೂ ಸಿಗದೆ ರೇಷನ್ ನಿಂತುಹೋಗುವುದರಲ್ಲಿತ್ತು. ಶಬಾನ ಬಿಸಿನೀರಿನಲ್ಲಿ ಬೆರಳು ನೆನೆಸಿ, ತಿಕ್ಕಿಸಿ, ಕೊನೆಗೂ ಹೆಬ್ಬೆಟ್ಟಿನ ಯಂತ್ರವನ್ನು ಒಪ್ಪಿಸಿದ್ದಳು. ಪುಟ್ಟಯ್ಯ ಮೂರು ಮುಖಗಳನ್ನೂ ದಿಟ್ಟಿಸಿ ನೋಡಿದ. ಹಸಿರಿನ ಹಲ್ಲು ನೋಡಿ ಅವನಿಗೇ ನಾಚಿಕೆಯಾಯಿತು. ಅಕ್ಷರ ಕೂಡಿಸಿ ಕೂಡಿಸಿ ಓದಿ, ಮುಖ ಅರಳಿಸಿ, ಹಳದಿಯನ್ನು ಗಟ್ಟಿಯಾಗಿ ಒತ್ತಿದ. ಒಮ್ಮೆ ಒತ್ತಿದ್ದು ಸಾಲದೆಂದು ಮತ್ತೊಮ್ಮೆಯೂ ಒತ್ತಿದ.

"ಅಡ್ಡಿಲ್ಲ ಮಾರಾಯ್ತಿ!" ಎಂದು ಹೇಳಿ ಹೋದ.

ಆಮೇಲೆ ಸುಬ್ಬಲಕ್ಷ್ಮಿ ಅಜ್ಜಿ. ಊರಿನ ಆಚೆ ತುದಿಯಿಂದ ಕೊಡೆ ಊರಿಕೊಂಡು ಬರುವವರು. ತಿಂಗಳುಗಟ್ಟಲೆ ನಿಂತಿದ್ದ ಅವರ ಪಿಂಚಣಿಯನ್ನು ಶಬಾನ ಬೆನ್ನು ಹತ್ತಿ ಮತ್ತೆ ಬರುವ ಹಾಗೆ ಮಾಡಿದ್ದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅದನ್ನೇ ಒತ್ತಿದರು. "ಅಡ್ಡಿಲ್ಲ ಕೂಸೆ, ಬತ್ತೆ" ಎಂದು ಕೆನ್ನೆ ಸವರಿ ಹೋದರು. ಅವರ ಹಿಂದೆ ಬಂದವರೂ ಅದನ್ನೇ, ಮರುದಿನ ಬಂದವರೂ ಅದನ್ನೇ. ಹಸಿರು ಮುಖ ಒಬ್ಬಂಟಿಯಾಗಿ ಹಲ್ಲು ಬಿಟ್ಟುಕೊಂಡು ಕೂತಿತ್ತು. ಒಬ್ಬ ಹೆಂಗಸಂತೂ "ತುಂಬಾ ಸಂತೋಷ ಒತ್ತಾಕೆ ಇದೇನು ಮದುವೆ ಮನೆಯಾ?" ಎಂದು ನಕ್ಕಳು.

ಶಬಾನ ಕುಗ್ಗಿಹೋದಳು. ಇವರಿಗಾಗಿ ಇಷ್ಟು ಒದ್ದಾಡಿದರೂ ಇವರಿಗೆ ನನ್ನ ಕೆಲಸ ಐವತ್ತು ಅಂಕದ್ದೇ? ಅಬ್ಬಾನ ಹಾಗೆಯೇ ಇವರೂ? ರಾತ್ರಿ ಊಟಕ್ಕೆ ಕೂತಾಗ ಗಂಡ ಮುಸವ್ವಿರ್ ಸಮಾಧಾನ ಮಾಡಿದ. "ಅಷ್ಟೇ ತಾನೇ? ಸಂಜೆ ಬಾಗಿಲು ಹಾಕೋ ಮುಂಚೆ ನೀನೇ ನಾಲ್ಕು ಸಲ ಹಸಿರು ಒತ್ತಿ ಬಾ, ಯಾರಿಗೆ ಗೊತ್ತಾಗ್ತದೆ?" ಮರುದಿನ ಅವಳು ಯಾರೂ ಇಲ್ಲದಾಗ ಒಂದು ಸಲ ಒತ್ತಿಯೂ ಬಿಟ್ಟಳು. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂದು ಯಂತ್ರ ಕೂಗಿದಾಗ ಮೈಯೆಲ್ಲ ಬೆವರಿತು. ತನಗೆ ತಾನೇ ಮಾಲೆ ಹಾಕಿಕೊಂಡಷ್ಟು ಅವಮಾನ. ಮತ್ತೆ ಆ ಗುಂಡಿ ಮುಟ್ಟಲಿಲ್ಲ.

ಕೊನೆಗೆ ಮೇಲಿನಿಂದ ಸಂದೇಶ ಬಂತು: ಹೊನ್ನೆಕುಡಿಗೆಯಲ್ಲಿ ಹಸಿರು ಬಹಳ ಕಡಿಮೆ, ಹೀಗೇ ಮುಂದುವರಿದರೆ ಕಿಂಡಿಯನ್ನು ಕೊಪ್ಪಕ್ಕೆ ಸೇರಿಸಬೇಕಾಗುತ್ತದೆ. ಆ ಹೊತ್ತಿಗೆ ಕಿಂಡಿಯ ಮುಂದೆ ನಿಂತಿದ್ದವನು ಪುಟ್ಟಯ್ಯನೇ. ಶಬಾನಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು.

"ಎಂತ ಆತು?"

"ಕಿಂಡಿ ಬಂದ್ ಮಾಡ್ತಾರಂತೆ ಪುಟ್ಟಯ್ಯ."

"ಬಂದ್ ಮಾಡಾದಾ? ಯಾರು? ಎಂತಕ್ಕೆ?" ಉತ್ತರಕ್ಕೂ ಕಾಯದೆ ಪುಟ್ಟಯ್ಯ ನೆಟ್ಟಗೆ ಡೈರಿಗೆ ಹೋದ. ಹಾಲು ಹಾಕುವ ಹೊತ್ತಿನಲ್ಲಿ ಡೈರಿಯಲ್ಲಿ ಬಿದ್ದ ಸುದ್ದಿ ಮನೆ ಮನೆಗೆ ತಲುಪಲು ಫೋನು ಕೂಡ ಬೇಕಾಗಿಲ್ಲ.

ಮರುದಿನ ಶಬಾನ ಬಸ್ಸಿಳಿದಾಗ ಕೋಣೆಯ ಮುಂದೆ ಸಾಲು. ಯಾರ ಕೈಯಲ್ಲೂ ಕಾಗದವಿಲ್ಲ, ಪಹಣಿಯಿಲ್ಲ. ಬಾಗಿಲು ತೆರೆದದ್ದೇ ತಡ, ಒಬ್ಬೊಬ್ಬರೇ ಬಂದು ಕೆಂಪು ಮುಖವನ್ನು ಗುದ್ದಿ ಹೋಗತೊಡಗಿದರು. ಯಂತ್ರ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದೆ "ಧನ್ಯವಾದಗಳು, ಧನ್ಯವಾದಗಳು" ಎನ್ನುತ್ತಿತ್ತು.

"ಅಯ್ಯೋ, ಎಂತ ಮಾಡ್ತಿದ್ದೀರಿ? ಕೆಂಪು ಒತ್ತಬೇಡಿ!" ಶಬಾನ ಕಿಂಡಿಯಿಂದ ಕೈ ಹೊರಗೆ ಹಾಕಿ ಯಂತ್ರಕ್ಕೆ ಅಡ್ಡ ಹಿಡಿದಳು. "ಹಸಿರು ಒತ್ತಿ, ದಮ್ಮಯ್ಯ, ಹಸಿರು!"

ಪುಟ್ಟಯ್ಯನಿಗೆ ಸಿಟ್ಟೇ ಬಂತು. "ಕಿಂಡಿ ಬಂದ್ ಮಾಡ್ತಾರೆ ಅಂದ್ರೆ ನಾವು ತುಂಬಾ ಸಂತೋಷ ಅಂತ ಒತ್ತಾದಾ? ತಲೆ ಸರಿ ಉಂಟಾ ಮಾರಾಯ್ತಿ ನಿಂಗೆ? ನಮಗೆ ಬೇಜಾರಾಗೇದೆ, ಬೇಜಾರನ್ನೇ ಒತ್ತಾದು."

ಶಬಾನ ಅಡ್ಡ ಹಿಡಿದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಜ್ಜಿಯೂ ಬಂದು ಕೊಡೆಯ ಹಿಡಿಯಿಂದಲೇ ಕೆಂಪನ್ನು ಕುಟ್ಟಿ ಹೋದರು. ಸಂಜೆಯ ಹೊತ್ತಿಗೆ ಮೂರು ತಾಲ್ಲೂಕಿನಲ್ಲೇ ಹೊನ್ನೆಕುಡಿಗೆಯಷ್ಟು ಕೆಟ್ಟ ಕಿಂಡಿ ಇನ್ನೊಂದಿಲ್ಲ ಎಂದು ಮೇಲಿನ ಕಂಪ್ಯೂಟರು ತೀರ್ಮಾನಿಸಿತು. ಸಾಧಾರಣವಾಗಿದ್ದ ಕಿಂಡಿ ಒಂದೇ ದಿನದಲ್ಲಿ ಹೀಗೆ ಹಾಳಾದದ್ದು ಹೇಗೆಂದು ನೋಡಿ ಬರಲು ಒಬ್ಬ ಅಧಿಕಾರಿಯನ್ನು ಕಳಿಸಿದರು.

ಅಧಿಕಾರಿಯ ಹೆಸರು ಶಿವಕಿರಣ. ಶೃಂಗೇರಿಯವನು, ಇನ್ನೂ ಎಳೆಯ ಪ್ರಾಯ. ಜೀಪಿನಿಂದ ಇಳಿದವನೇ ಕುರ್ಚಿಗೆ ಹೋಗದೆ ಜನರ ನಡುವೆ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಸುಬ್ಬಲಕ್ಷ್ಮಿ ಅಜ್ಜಿ.

"ಅಜ್ಜಿ, ಇಲ್ಲಿ ಕೆಲಸ ಹ್ಯಾಗೆ ಮಾಡಿ ಕೊಡ್ತಾರೆ?"

"ಅಡ್ಡಿಲ್ಲ ಮಾಣಿ."

ಆಚೆ ಪಕ್ಕದ ಪುಟ್ಟಯ್ಯನನ್ನು ಕೇಳಿದ. "ಅಡ್ಡಿಲ್ಲ ಸಾರ್, ಭಾರಿ ಅಡ್ಡಿಲ್ಲ." ಹಿಂದೆ ನಿಂತಿದ್ದವರೂ ಕೇಳುವ ಮೊದಲೇ ಅದನ್ನೇ ಹೇಳಿದರು. ಶಿವಕಿರಣ ಅವರ ಮುಖ ನೋಡಿದ. ಎಲ್ಲರ ಮುಖವೂ ಬೆಳಗುತ್ತಿತ್ತು. ಎದ್ದು ಹೋಗಿ ಯಂತ್ರ ನೋಡಿದ. ಹಳದಿಯ ಕೆಳಗಿನ ಸ್ಟಿಕ್ಕರ್ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಅಲ್ಲೇ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಇದನ್ನ ಬರೆಸಿದ್ದು ಯಾರು?"

ಕಿಂಡಿಯ ಹಿಂದಿನಿಂದ ಒಂದು ಕೈ ಮೇಲೆ ಬಂತು. ಜೀವಮಾನದಲ್ಲಿ ಮೊದಲ ಸಲ ಅರ್ಧಕ್ಕೇ ನಿಂತಿತು.

"ಮೇಡಂ, ನಮ್ಮಪ್ಪ ಸಂಸ್ಕೃತ ಪಂಡಿತರು" ಎಂದ ಶಿವಕಿರಣ, ಕಣ್ಣೊರೆಸಿಕೊಳ್ಳುತ್ತಾ. "ಹೊಗಳೋಕೆ ಅವರ ಹತ್ತಿರ ಎಷ್ಟು ಮಾತಿಲ್ಲ! ನನಗೆ ಈ ಕೆಲಸ ಸಿಕ್ಕಿದಾಗ ಹೋಗಿ ಕಾಲಿಗೆ ಬಿದ್ದೆ. 'ಅಡ್ಡಿಲ್ಲ' ಅಂದ್ರು, ಒಳಗೆ ಹೋದ್ರು. ನನಗೆ ಪೆಚ್ಚಾಯ್ತು. ಆಮೇಲೆ ಅಮ್ಮ ಹೇಳಿದ್ರು, ಮರುದಿನ ಬೆಳಗ್ಗಿಂದ ದಾರೀಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ 'ಮಗನಿಗೆ ಕೆಲಸ ಸಿಕ್ತು' ಅಂತ ಹೇಳಿ ಬಂದಿದ್ದಾರಂತೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತು ಎಲ್ಲಿದೆ? ಅದನ್ನ ತಗೊಂಡು ಹೋಗಿ ನೀವು ಹಳದಿಗೆ ಅಂಟಿಸಿದ್ದೀರಲ್ಲ!"

ಎಲ್ಲರೂ ನಕ್ಕರು. ಶಬಾನಳೂ ನಕ್ಕಳು, ಆದರೆ ಆ ನಗುವಿನ ನಡುವೆಯೇ ಅವಳಿಗೆ ಅಬ್ಬಾನ ಅಂಗಡಿ ನೆನಪಾಯಿತು. ಕತ್ತರಿ ನಿಲ್ಲಿಸದೆಯೇ ಅಡ್ಡಿಲ್ಲ ಎಂದ ಅಬ್ಬಾನ ಮುಖ ಆ ದಿನ ಹೇಗಿತ್ತು? ಅವಳಿಗೆ ನೆನಪೇ ಇರಲಿಲ್ಲ. ಅವಳು ಮುಖ ನೋಡಿರಲೇ ಇಲ್ಲ, ಮಾತು ಕೇಳಿದ್ದಷ್ಟೇ.

ಶಿವಕಿರಣ ಮತ್ತೆ ಗಂಭೀರನಾದ. "ಆದರೆ ಬರೀ ಸ್ಟಿಕ್ಕರ್ ಕಥೆ ಬರೆದರೆ ಮೇಲಿನವರು ನಗ್ತಾರೆ, ಕಿಂಡಿ ಉಳಿಯಲ್ಲ. ಈಗ ನಾನು ಮುಖದ ಪ್ರಶ್ನೆ ಕೇಳಲ್ಲ. ಈ ಕಿಂಡಿ ಇಲ್ಲದೆ ಹೋದ್ರೆ ನಿಮಗೆ ಏನಾಗ್ತದೆ? ಅದನ್ನ ಹೇಳಿ" ಎಂದು ಫೋನು ತೆರೆದು ಹಿಡಿದ.

ಹೊಗಳಲು ನಾಚುವ ಜನಕ್ಕೆ ತಾಪತ್ರಯ ಹೇಳಿಕೊಳ್ಳಲು ಯಾವ ನಾಚಿಕೆ? ಮಾತಿನ ಕಟ್ಟೆ ಒಡೆಯಿತು. ಕೊಪ್ಪಕ್ಕೆ ಹೋದರೆ ಕೂಲಿ ಹೋಗುತ್ತದೆ, ಹೋದ ದಿನ ಸರ್ವರ್ ಇರುವುದಿಲ್ಲ, ಇದ್ದರೆ ಬೆರಳು ಒಪ್ಪುವುದಿಲ್ಲ ಎಂದ ಪುಟ್ಟಯ್ಯ. "ಇಲ್ಲಿ ಬಿಸಿನೀರು ಕೊಡ್ತಾಳೆ ಸಾರ್. ನನ್ನ ಕೈ ಹಿಡಿದು ತಿಕ್ಕಿ ಕೊಡ್ತಾಳೆ. ಇಷ್ಟು ವರ್ಷದಲ್ಲಿ ನನ್ನ ಕೈ ಮುಟ್ಟಿದ ಆಫೀಸು ಇದೊಂದೇ."

ಅಜ್ಜಿ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ಕೊಪ್ಪಕ್ಕೆ ಹೋಪದು ಅಂದ್ರೆ ಮಗನ್ನ ಕೇಳಕ್ಕು. ಮಗಂಗೆ ಪುರುಸೊತ್ತು ಆಗಕ್ಕು. ಅವನಿಗೆ ಪುರುಸೊತ್ತಾದ ದಿನ ಕಾರಿಗೆ ರಿಪೇರಿ. ಇಲ್ಲಿಗಾದ್ರೆ ಕೊಡೆ ತಗಂಡು ನಾನೇ ಬತ್ತೆ. ಯಾರನ್ನೂ ಕೇಳದಿಲ್ಲೆ. ನನ್ನ ದುಡ್ಡಿಗೆ ನಾನೇ ಹೆಬ್ಬೆಟ್ಟು ಒತ್ತಿ ಹೋಗ್ತೆ." ಕೊಡೆಯ ಹಿಡಿಯನ್ನು ಸವರುತ್ತಾ ಸೇರಿಸಿದರು: "ಅದು ಎಂತ ಸುಖ ಅಂತ ನಿಂಗೆ ಗೊತ್ತಾಗದಿಲ್ಲೆ ಮಾಣಿ."

ಶಿವಕಿರಣ ಫೋನು ಇಳಿಸಿದ. "ಸಾರ್ವಜನಿಕ ಮೌಲ್ಯ ಅಂತ ನಾವು ದಿನವಿಡೀ ಪರದೆ ಮೇಲೆ ತೋರಿಸ್ತೀವಿ ಅಜ್ಜಿ. ನೀವು ಕೂತಲ್ಲೇ ಹೇಳಿಬಿಟ್ರಿ" ಎಂದ. ಅಜ್ಜಿಗೆ ಅದೇನೆಂದು ಅರ್ಥವಾಗಲಿಲ್ಲ, ಆದರೆ ಹುಡುಗ ಒಳ್ಳೆಯವನು ಎಂದು ಅರ್ಥವಾಯಿತು.

ಆಮೇಲೆ ಅವನು ಯಂತ್ರದ ಹತ್ತಿರ ಹೋಗಿ, ಉಗುರಿನಿಂದ ಮೆಲ್ಲಗೆ ಎಬ್ಬಿಸಿ, 'ಅಡ್ಡಿಲ್ಲ' ಸ್ಟಿಕ್ಕರನ್ನು ಕಿತ್ತು, ನಗುವ ಹಸಿರು ಮುಖದ ಕೆಳಗೆ, 'ತುಂಬಾ ಸಂತೋಷ'ದ ಮೇಲೆಯೇ ಅಂಟಿಸಿದ. ಇಡೀ ಸುಧಾರಣೆ ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದಿತ್ತು, ಅಷ್ಟೇ.

"ಹಳದಿಗೆ ಎಂತ ಹಾಕೋಣ?" ಎಂದು ಕೇಳಿದ. ಶಬಾನ ಎರಡೂ ಕೈಯನ್ನು ಸೊಂಟದ ಹಿಂದೆ ಕಟ್ಟಿಕೊಂಡು ನಿಂತಳು. "ಎಂತದೋ ಒಂದು, ಅಂತ ಹಾಕಿ" ಎಂದರು ಅಜ್ಜಿ. "ಕೆಂಪಿಗೆ 'ಎಂತ ಇದು ಮಾರಾಯ' ಅಂತ ಬರೀರಿ, ಎಲ್ರಿಗೂ ಗೊತ್ತಾಗ್ತದೆ" ಎಂದ ಪುಟ್ಟಯ್ಯ. ಎರಡನ್ನೂ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಯಿತು.

"ಈಗ ಒತ್ತಲಾ?" ಪುಟ್ಟಯ್ಯ ಟವೆಲ್ಲಿಗೆ ಬೆರಳು ಒರೆಸಿಕೊಂಡು ಮುಂದೆ ಬಂದ. ಹಸಿರು ಒತ್ತಿದ. ಯಂತ್ರ ಧನ್ಯವಾದ ಹೇಳಿತು. "ಹಾಂ, ಈಗ ಸರಿ ಆತು" ಎಂದು ಅವನು ಹಿಂದಿನವರಿಗೆ ದಾರಿ ಬಿಟ್ಟ.

ಕಿಂಡಿ ಮುಂದುವರಿಯುತ್ತದೆ ಎಂಬ ಆದೇಶ ಬಂದ ದಿನ ಶಬಾನ ಕೊಪ್ಪದಲ್ಲಿ ಬಸ್ಸಿಳಿದು ಮನೆಗೆ ಹೋಗದೆ ಅಬ್ಬಾನ ಅಂಗಡಿಗೇ ಹೋದಳು. ಗಿರಾಕಿಗಳಿದ್ದರು, ಬಾಗಿಲ ಬಳಿಯೇ ನಿಂತಳು. ಒಬ್ಬಾಕೆ ಸೀರೆ ನೋಡಿ "ಆಹಾ, ಎಷ್ಟು ಚಂದ ಇದೆ ಸಾಬ್ರೆ!" ಎಂದಳು. ಜಮಾಲ್ ಸಾಬರು ಮಾತಿಲ್ಲದೆ ಅದನ್ನು ಮಡಚಿ ಕಪಾಟಿಗೆ ಇಟ್ಟರು. ಆಕೆ "ಆಮೇಲೆ ಬರ್ತೀನಿ" ಎಂದು ಇಳಿದುಹೋದಳು. ಇನ್ನೊಬ್ಬಾಕೆ ಸೆರಗನ್ನು ತಿರುಗಿಸಿ, ಅಂಚನ್ನು ಉಜ್ಜಿ, ಬೆಳಕಿಗೆ ಹಿಡಿದು, "ಅಡ್ಡಿಲ್ಲ" ಎಂದಳು. ಸಾಬರು ಮರುಮಾತಿಲ್ಲದೆ ಕವರಿಗೆ ಹಾಕತೊಡಗಿದರು. ಬಾಲ್ಯವೆಲ್ಲ ಇದೇ ಅಂಗಡಿಯಲ್ಲಿ ಆಡಿ ಬೆಳೆದವಳು ಶಬಾನ. ಇದನ್ನು ಅವಳು ನೋಡದ ದಿನವೇ ಇರಲಿಲ್ಲ.

ಗಿರಾಕಿ ಹೋದ ಮೇಲೆ ಒಳಗೆ ಬಂದಳು. "ಅಬ್ಬಾ, ಕಿಂಡಿ ಉಳೀತು. ಅಲ್ಲಿಯ ಜನರೇ ಉಳಿಸಿಕೊಂಡರು. ನನ್ನ ಕೆಲಸವೂ ಉಳೀತು."

ಸಾಬರ ಕೈಯಲ್ಲಿ ಕತ್ತರಿ ಇತ್ತು. ಬಟ್ಟೆಯ ಮೇಲೆ ಅದು ಓಡುತ್ತಲೇ ಇತ್ತು. ಈ ಸಲ ಶಬಾನ ಮಾತಿಗೆ ಕಾಯಲಿಲ್ಲ, ಮುಖ ನೋಡಿದಳು. ಗಡ್ಡದ ಒಳಗೆ ಎರಡೂ ಕೆನ್ನೆ ಉಬ್ಬಿದ್ದವು. ಕಣ್ಣು ಒದ್ದೆಯಾಗಿತ್ತು. ಕತ್ತರಿ ಗುರುತು ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು, ಒಳ್ಳೆಯ ಬಟ್ಟೆಯನ್ನು ಅವರು ಸೊಟ್ಟಗೆ ಕತ್ತರಿಸುತ್ತಿದ್ದರು.

"ಅಡ್ಡಿಲ್ಲ" ಎಂದರು.

ಕಪ್ಪಿನ ತಳ ನೋಡಿ ಹೇಳಿದ್ದು, ಫಸ್ಟ್ ಕ್ಲಾಸಿಗೆ ಹೇಳಿದ್ದು, ಕೆಲಸ ಸಿಕ್ಕ ದಿನ ಹೇಳಿದ್ದು, ಅಷ್ಟೂ ಅಡ್ಡಿಲ್ಲಗಳು ಒಟ್ಟಿಗೇ ಬಂದು ಶಬಾನಳ ಮಡಿಲಿಗೆ ಬಿದ್ದವು. ಅಳಬೇಕೋ ನಗಬೇಕೋ ತಿಳಿಯದೆ ಅವಳು ಗಲ್ಲಾದ ಮೇಲೆ ಬಗ್ಗಿ ಅಪ್ಪನ ಹೆಗಲನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.

"ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂದಳು, ಯಂತ್ರದ ರಾಗದಲ್ಲೇ.

"ಎಂತದೇ ಅದು?" ಎಂದರು ಜಮಾಲ್ ಸಾಬರು, ಸೊಟ್ಟ ಬಟ್ಟೆಯನ್ನು ಮೆಲ್ಲಗೆ ಗಲ್ಲಾದ ಕೆಳಗೆ ಅಡಗಿಸುತ್ತಾ.